ಕಾಫಿ ಮುಗಿಯುವವರೆಗೆ ಕನ್ನಡ

ವಿಶಾಖಪಟ್ಟಣದ ನಮ್ಮ ಆಸ್ಪತ್ರೆಯಲ್ಲಿ ಕೌನ್ಸೆಲರ್ ಸಾರ್ ಯಾರಿಗಾದರೂ ಕಾಫಿ ತಂದುಕೊಟ್ಟರೆಂದರೆ ನೋಡಿದವರ ಎದೆ ಧಸಕ್ಕೆನ್ನುತ್ತಿತ್ತು. ಹೊಸದಾಗಿ ಬಂದವರಿಗೆ ಇದು ತಿಳಿಯುತ್ತಿರಲಿಲ್ಲ. ಐಸಿಯು ಮುಂದಿನ ಕುರ್ಚಿಗಳಲ್ಲಿ ವಾರಗಟ್ಟಲೆ ಕೂತಿದ್ದವರಿಗೆ ಚೆನ್ನಾಗಿ ತಿಳಿದಿತ್ತು.

ಅವರ ಕೆಲಸವೇ ಅಂಥದ್ದು. ಡಾಕ್ಟರು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಹೊರಟುಹೋದ ಮೇಲೆ, ಮನೆಯವರ ಪಕ್ಕ ಕೂತು ಅದನ್ನು ತೆಲುಗಿನಲ್ಲಿ ಬಿಡಿಸಿ ಹೇಳುವುದು. ಗುರುತಿನ ಚೀಟಿಯಲ್ಲಿ ‘ಪೇಶೆಂಟ್ ಕೌನ್ಸೆಲರ್’ ಎಂದಿತ್ತು. ಕಾಲು ಉಳಿಯುವುದಿಲ್ಲ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಇನ್ನು ಊರಿಗೆ ಕರೆದುಕೊಂಡು ಹೋಗಬಹುದು ಎಂಬಂಥವೆಲ್ಲ ಅವರ ಬಾಯಿಂದಲೇ ಬರಬೇಕು. ಹೇಳುವ ಮೊದಲು ಕ್ಯಾಂಟೀನಿಗೆ ತಾವೇ ಹೋಗಿ ಕಾಫಿ ತರುತ್ತಿದ್ದರು. ಅದು ಮುಗಿಯುವವರೆಗೆ ಯಾವ ಊರು, ಎಷ್ಟು ಜನ ಮಕ್ಕಳು, ಯಾವ ಬಸ್ಸಿಗೆ ಬಂದಿರಿ, ಇಷ್ಟೇ ಮಾತು. ನಾನೊಮ್ಮೆ ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, “ಹೊಟ್ಟೇಲಿ ಬಿಸೀದು ಏನಾದ್ರೂ ಇರ್ಲಿ ಮಗಾ. ಆಮೇಲೆ ಎರಡು ದಿನ ಅವ್ರಿಗೆ ನೀರೂ ಇಳಿಯಾಕಿಲ್ಲ,” ಎಂದಿದ್ದರು.

ಭೀಮುನಿಪಟ್ಟಣದ ಒಬ್ಬ ಮೀನುಗಾರ ನನಗೆ ನೆನಪಿದ್ದಾನೆ. ಬಾಗಿಲೆತ್ತರದ ಮನುಷ್ಯ. ಒಳಗೆ ಅವನ ತಾಯಿ ಇದ್ದಳು. ಇವರ ಕೈಯಲ್ಲಿ ಲೋಟ ಕಂಡದ್ದೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿಕೊಂಡ. “ವದ್ದು ಸಾರ್,” ಎಂದ. ಬೇಡ ಎಂದು. “ನೀವು ಕಾಫಿ ಕೊಟ್ಟರೆ ನಮ್ಮಮ್ಮ ಹೋದಳು ಅಂತಲೇ ಅರ್ಥ.” ಇವರು ಬಲವಂತ ಮಾಡಲಿಲ್ಲ. ಪಕ್ಕದಲ್ಲಿ ಕೂತು ಅರ್ಧ ತಾವು ಕುಡಿದರು, ಉಳಿದರ್ಧವನ್ನು ಅವನ ಮುಂದೆ ಹಿಡಿದರು. ಅವನು ಬಹಳ ಹೊತ್ತು ಲೋಟವನ್ನೇ ನೋಡಿದ. ಆಮೇಲೆ ತೆಗೆದುಕೊಂಡು ಒಂದೇ ಗುಟುಕಿಗೆ ಮುಗಿಸಿದ. ಅದಾದ ಮೇಲೆಯೇ ಇವರು ಹೇಳಬೇಕಾದದ್ದನ್ನು ಹೇಳಿದ್ದು.

ನಾನು ಚನ್ನರಾಯಪಟ್ಟಣದವಳು. ಆ ಆಸ್ಪತ್ರೆಗೆ ಡಯಟೀಶಿಯನ್ ಆಗಿ ಸೇರಿದಾಗ ನನಗೆ ಬರುತ್ತಿದ್ದ ತೆಲುಗು ಸಿನಿಮಾ ನೋಡಿ ಕಲಿತದ್ದು. ಮೊದಲ ವಾರದಲ್ಲೇ ಒಂದು ಎಡವಟ್ಟಾಯಿತು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಗೆ ಮಾವಿನಹಣ್ಣು, ಬೆಲ್ಲ, ಅನ್ನ ಎಂದು ಪಟ್ಟಿ ಹೇಳಿ, ಕೊನೆಗೆ “ತಿನಕಂಡಿ” ಎನ್ನುವ ಬದಲು “ತಿನಂಡಿ” ಎಂದುಬಿಟ್ಟೆ. ತಿನ್ನಬೇಡಿ ಎನ್ನಬೇಕಾದವಳು ತಿನ್ನಿ ಎಂದಿದ್ದೆ. ಅಜ್ಜಿಯ ಮುಖ ಅರಳಿದ್ದನ್ನು ಕಂಡು ನನಗೂ ಸಂತೋಷವಾಗಿತ್ತು. ಪಕ್ಕದ ಹಾಸಿಗೆಯ ಬಳಿ ನಿಂತಿದ್ದ ಇವರು ಬಂದು ಅಜ್ಜಿಗೆ ಸರಿಯಾಗಿ ತಿಳಿಹೇಳಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ ಕೇಳಿದರು: “ಎಲ್ಲೀವ್ಳು ನೀನು? ಹಾಸನದ ಕಡೆಯೋಳಾ?”

ಬಂದು ಆರು ದಿನವಾಗಿತ್ತು. ಅಷ್ಟು ದಿನ ಯಾರೂ ನನ್ನನ್ನು ನನ್ನ ಮಾತಿನಲ್ಲಿ ಮಾತಾಡಿಸಿರಲಿಲ್ಲ. ನಾನು ಅತ್ತೇಬಿಟ್ಟೆ. “ಅಳ್ಬೇಡ. ಒಂದಕ್ಷರ ಕಣ್ ಮಗಾ. ಒಂದಕ್ಷರ ಬಿಟ್ಟೋದ್ರೆ ಮನುಷ್ಯನೇ ಹೋಗ್ಬುಡ್ತಾನೆ ಇಲ್ಲಿ. ನಾಳೆ ಬೆಳಿಗ್ಗೆ ಆರೂವರೆಗೆ ಬಾ. ಕಾಫಿ ಕುಡಿಯಾಣ,” ಎಂದರು.

ಹಾಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು.

ಮೂರನೆಯ ಮಹಡಿಯಲ್ಲಿ ರೋಗಿಗಳ ಊಟ ಬಿಸಿಮಾಡುವ ಒಂದು ಸಣ್ಣ ಕೋಣೆ. ಅದರ ಕಿಟಕಿಯಲ್ಲಿ ನಿಂತರೆ ಎರಡು ಕಟ್ಟಡಗಳ ನಡುವೆ ಒಂದು ಮೊಳದಷ್ಟು ಸಮುದ್ರ ಕಾಣುತ್ತಿತ್ತು. ಅವರು ಮನೆಯಿಂದ ಸಣ್ಣ ಬಾಟಲಿಯಲ್ಲಿ ಡಿಕಾಕ್ಷನ್, ಫ್ಲಾಸ್ಕಿನಲ್ಲಿ ಕಾಸಿದ ಹಾಲು, ಎರಡನ್ನೂ ಬೇರೆ ಬೇರೆ ತರುತ್ತಿದ್ದರು. ಕಲೆಸಿ ತಂದ ಕಾಫಿಗೆ ಜೀವ ಇರುವುದಿಲ್ಲವಂತೆ. ನನಗೆ ಸ್ಟೀಲ್ ಲೋಟ, ತಮಗೆ ಫ್ಲಾಸ್ಕಿನ ಮುಚ್ಚಳ. ಮೊದಲ ಗುಟುಕನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಆ ಕ್ಷಣದಲ್ಲಿ ಯಾರು ಕರೆದರೂ ಉತ್ತರವಿಲ್ಲ.

ಕಾಫಿ ಮುಗಿಯುವವರೆಗೆ ಕನ್ನಡ, ಆಮೇಲೆ ತೆಲುಗು. ಇದು ಅವರು ಹಾಕಿದ ನಿಯಮ. ಲೋಟ ತೊಳೆದಿಟ್ಟ ಮೇಲೆ ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ಕಿವುಡರಂತೆ ನಿಂತಿರುತ್ತಿದ್ದರು. ನಾನು ತೆಲುಗು ಕಲಿತದ್ದು ಹಾಗೆ. ಅಕ್ಷರ ಬರೆಯುವುದನ್ನೂ ಅವರೇ ಕಲಿಸಿದರು.

ಅವರು ಅರಸೀಕೆರೆಯವರು. ಇಪ್ಪತ್ತೆರಡನೆಯ ವಯಸ್ಸಿಗೆ ಔಷಧಿ ಕಂಪನಿಯ ಕೆಲಸಕ್ಕೆಂದು ವಿಜಯವಾಡಕ್ಕೆ ಬಂದು, ಅಲ್ಲಿಯ ಹುಡುಗಿಯನ್ನು ಮೆಚ್ಚಿ ಮದುವೆಯಾಗಿ, ಆಮೇಲೆ ವಿಶಾಖಪಟ್ಟಣಕ್ಕೆ ಬಂದು ನೆಲೆಸಿದವರು. ಊರಿನಲ್ಲಿ ತಂದೆತಾಯಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ವಿಜಯವಾಡದಲ್ಲಿದ್ದಳು, ಗನ್ನವರಂ ವಿಮಾನ ನಿಲ್ದಾಣದಲ್ಲಿ ಕೆಲಸ. ಹೆಂಡತಿಗಾಗಲಿ ಮಗಳಿಗಾಗಲಿ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ.

“ಮಗಳಿಗಾದ್ರೂ ಕಲಿಸ್ಬೇಕಿತ್ತು ಸಾರ್,” ಎಂದೆ ಒಂದು ದಿನ.

“ಹೆಂಡ್ತಿಗೆ ಅರ್ಥ ಆಗ್ದೇ ಇರೋ ಮಾತ ನಾನು ಮಗಳ ಹತ್ರ ಆಡಿದ್ರೆ, ಅವಳು ಅಡುಗೆಮನೇಲಿ ಒಬ್ಬಳೇ ಆಗ್ಬುಡ್ತಾಳಲ್ಲ,” ಎಂದರು. “ನನ್ನ ನಂಬಿ ಮನೆಯೋರ್ನ ಎದುರಾಕ್ಕೊಂಡು ಬಂದೋಳು. ಅವಳ ಮುಂದೆ ಗುಟ್ಟು ಮಾತಾಡ್ದಂಗೆ ಆಗಾದು ಬ್ಯಾಡ ಅಂತ ಬಿಟ್ಬುಟ್ಟೆ.”

ಆ ಹೆಂಡತಿ ಮದುವೆಯಾದಾಗಿನಿಂದ ಬೆಳಗಿನ ಕಾಫಿಯನ್ನು ತಾನೇ ಮಾಡಿಕೊಂಡದ್ದಿಲ್ಲ. ದಿನವೂ ಐದು ಗಂಟೆಗೆ ಎದ್ದು ಫಿಲ್ಟರಿಗೆ ಪುಡಿ ಹಾಕಿ, ಆಕೆ ಎದ್ದು ಕೂತಾಗ ಕೈಗೆ ಲೋಟ ಕೊಟ್ಟೇ ಅವರು ಆಸ್ಪತ್ರೆಗೆ ಹೊರಡುತ್ತಿದ್ದದ್ದು.

ಅಷ್ಟು ವರ್ಷ ಬಳಸದೆ ಅವರ ಕನ್ನಡ ಅಲ್ಲಲ್ಲಿ ಸವೆದುಹೋಗಿತ್ತು. ಮಾತಿನ ನಡುವೆ ಥಟ್ಟನೆ ನಿಂತು ಹುಡುಕುತ್ತಿದ್ದರು. “ಬುಗುರಿಗೆ ಸುತ್ತೋ ದಾರಕ್ಕೆ ಏನಂತಾರೆ ಮಗಾ?” ಎಂದರೊಮ್ಮೆ. ನನಗೂ ಗೊತ್ತಿರಲಿಲ್ಲ. ನಾಲ್ಕು ದಿನ ಅದೇ ಯೋಚನೆ ಅವರಿಗೆ. ಕೊನೆಗೆ ನಾನು ಅಪ್ಪನಿಗೆ ಫೋನು ಮಾಡಿ ಕೇಳಿದೆ. “ಚಾಟಿ ಅಂತೆ ಸಾರ್,” ಎಂದದ್ದೇ, ಕಿಟಕಿಯ ಸರಳು ಹಿಡಿದುಕೊಂಡು, “ಚಾಟಿ! ಚಾಟಿ ಕಣೇ!” ಎಂದು ನಕ್ಕರು. ಅವತ್ತಿಡೀ ಅವರ ಮುಖದಲ್ಲಿ ಆ ಗೆಲುವಿತ್ತು.

ಇನ್ನೊಂದು ಮಾತನ್ನೂ ಅದೇ ಕಿಟಕಿಯಲ್ಲಿ ಹೇಳಿದ್ದರು. ಒಬ್ಬ ಹೊಸ ನರ್ಸು, ಉಳಿಯುವ ಭರವಸೆಯಿಲ್ಲದ ರೋಗಿಯೊಬ್ಬನ ಮಗನಿಗೆ ಎಲ್ಲ ಸರಿಹೋಗುತ್ತದೆ ಎಂದುಬಿಟ್ಟಿದ್ದಳು. ಅವತ್ತು ಅವರಿಗೆ ಬಹಳ ಬೇಜಾರಾಗಿತ್ತು. “ನಮ್ಮ ಕೈಯಾಗಿರೋ ಮಾತು ನಮ್ದಲ್ಲ ಮಗಾ. ಮೆತ್ತಗೆ ಮಾಡ್ಬೋದು. ಬದಲಾಯಿಸಂಗಿಲ್ಲ.”

ಅದು ಒಂದು ಸೋಮವಾರ. ಎಂದಿನಂತೆ ಕಾಫಿ ಕಲೆಸಿದರು. ಎರಡು ಗುಟುಕು ಕುಡಿದಿರಬೇಕು. ನರ್ಸೊಬ್ಬಳು ಬಾಗಿಲಲ್ಲಿ ನಿಂತು, ಐಸಿಯುನಲ್ಲಿ ಕರೆಯುತ್ತಿದ್ದಾರೆ ಎಂದಳು. ಇವರು ಅವಳತ್ತ ತಿರುಗಿ, “ಬತ್ತೀನಿ ಇರವ್ವ,” ಎಂದರು.

ಅವಳಿಗೆ ಅರ್ಥವಾಗಲಿಲ್ಲ. ನಾನು ನಕ್ಕೆ. ತಮಾಷೆಗೆ ಹೇಳಿದರು ಎಂದುಕೊಂಡೆ. ಅವಳೂ ನಕ್ಕಳು. ಅವರು ಮತ್ತೆ, “ಬತ್ತೀನಿ... ಬತ್ತೀನಿ...” ಎಂದರು. ಆಗ ನನಗೆ ಅವರ ಕಣ್ಣು ಕಂಡಿತು. ಕತ್ತಲ ಕೋಣೆಯಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುವವರ ಹಾಗೆ ಅವರು ಒಳಗೆಲ್ಲೋ ತಡವುತ್ತಿದ್ದರು. ಫ್ಲಾಸ್ಕಿನ ಮುಚ್ಚಳ ಬಲಗೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು.

ಆಸ್ಪತ್ರೆಯೊಳಗೇ ಆದದ್ದರಿಂದ ಜೀವ ಉಳಿಯಿತು. ಬಲಭಾಗ ಹೋಯಿತು. ನುಂಗುವ ಶಕ್ತಿ ಹೋಯಿತು. ಮೂರು ದಿನದ ಮೇಲೆ ಬಾಯಿಂದ ಮಾತು ಬಂದಾಗ ಅದು ಬಿಡಿ ಬಿಡಿ ಪದಗಳಾಗಿತ್ತು, ಎಲ್ಲವೂ ಕನ್ನಡ. ತೆಲುಗಿನದು ಒಂದೂ ಇಲ್ಲ.

ಎರಡು ಭಾಷೆ ಬಲ್ಲವರಿಗೆ ಅಪರೂಪಕ್ಕೆ ಹೀಗಾಗುವುದುಂಟು ಎಂದು ನರರೋಗದ ಡಾಕ್ಟರು ನನಗೆ ವಿವರಿಸಿದರು. ತೆಲುಗಿನಲ್ಲಿ ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಎಡಗೈ ಎತ್ತಿ ಎಂದರೆ ಎತ್ತುತ್ತಾರೆ, ಕಣ್ಣು ಮುಚ್ಚಿ ಎಂದರೆ ಮುಚ್ಚುತ್ತಾರೆ. ಬಾಯಿಗೆ ಮಾತ್ರ ಬರುವುದಿಲ್ಲ. “ಮನೆಯವರಿಗೆ ಹೇಳಿಬಿಡಿ,” ಎಂದು ಡಾಕ್ಟರು ಹೊರಟರು. ಹೇಳುವವರು ಒಳಗೆ ಮಲಗಿದ್ದರು. ಕಾರಿಡಾರಿನಲ್ಲಿ ನಿಂತೇ, ಏನನ್ನೂ ಕುಡಿಸದೆ, ಅವರ ಹೆಂಡತಿಗೆ ನಾನೇ ಹೇಳಿದೆ.

ಆಕೆ ಎಲ್ಲ ಕೇಳಿಸಿಕೊಂಡು, “ನನ್ನ ಮೇಲೆ ಏನಾದರೂ ಕೋಪವಾ ಅವರಿಗೆ?” ಎಂದು ಕೇಳಿದರು. “ಮೂವತ್ತು ವರ್ಷದಲ್ಲಿ ನಾನು ಈ ಭಾಷೆ ಅವರ ಬಾಯಲ್ಲಿ ಕೇಳಿಲ್ಲ. ಬೇರೆ ಯಾರೋ ಗಂಡಸು ಮಾತಾಡಿದ ಹಾಗಿದೆಯಮ್ಮಾ.”

ನುಂಗಿದ್ದು ಶ್ವಾಸಕೋಶಕ್ಕೆ ಇಳಿಯುತ್ತಿದ್ದುದರಿಂದ ಮೂಗಿನೊಳಗೆ ಟ್ಯೂಬು ಹಾಕಿದರು. ಬಾಯಿಗೆ ಏನೂ ಕೊಡಬಾರದು ಎಂಬ ಫಲಕ ಬರೆದು ಹಾಸಿಗೆಯ ತಲೆಯ ಕಡೆ ತೂಗುಹಾಕುವುದು ನನ್ನ ಕೆಲಸ. ಅವರು ಕಲಿಸಿದ ಅಕ್ಷರಗಳಲ್ಲೇ ಬರೆದೆ.

ಪ್ರತಿ ಬೆಳಿಗ್ಗೆ ಆರೂವರೆಗೆ ನಾನು ಹೋದಾಗ ಅವರು ಹೇಳುತ್ತಿದ್ದ ಮೊದಲ ಮಾತು, “ಕಾಫಿ.” ಅದು ಮಾತ್ರ ವಾರ್ಡಿನಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ನರ್ಸುಗಳಿಗೆ, ಕಸ ಗುಡಿಸುವಾಕೆಗೆ, ಹೆಂಡತಿಗೆ, ಮಗಳಿಗೆ. ಎಲ್ಲರೂ ಮುಖ ತಿರುಗಿಸುತ್ತಿದ್ದರು. ಒಂದು ದಿನ ತಡೆಯಲಾರದೆ ನಾನು ಹತ್ತಿಯನ್ನು ಕಾಫಿಯಲ್ಲಿ ಅದ್ದಿ, ಹಿಂಡಿ, ತುಟಿಗೆ ಸವರಿದೆ. ಅವರು ನಾಲಿಗೆ ಹೊರಗೆ ತಂದರು. ಸವಿದರು. ಇನ್ನೂ ಬರುತ್ತದೆ ಎಂದು ಬಾಯಿ ತೆರೆದುಕೊಂಡೇ ಇದ್ದರು. ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. “ಮೋಸ,” ಎಂದರು.

ಐದು ವಾರದ ಮೇಲೆ ಅವರನ್ನು ವಿಜಯವಾಡಕ್ಕೆ, ಮಗಳ ಮನೆಗೆ ಕರೆದೊಯ್ದರು. ಹೊರಡುವ ಮುನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡರು. ದಿನಾ ಬೆಳಿಗ್ಗೆ ಫೋನಿನಲ್ಲಿ ಮುಖ ತೋರಿಸು, ಅವರು ಹೇಳಿದ್ದನ್ನು ನಮಗೆ ಹೇಳು, ಇಷ್ಟು ಮಾಡು ತಾಯಿ ಎಂದರು.

ಮಾಡಿದೆ. ಬೆಳಿಗ್ಗೆ ಆರೂವರೆಗೆ ನಾನು ಅದೇ ಕಿಟಕಿಯ ಬಳಿ ಫೋನು ಹಿಡಿದು ನಿಲ್ಲುತ್ತಿದ್ದೆ. ಲೋಟವನ್ನು ಪರದೆಯಲ್ಲಿ ಕಾಣದ ಕಡೆ ಇಡುತ್ತಿದ್ದೆ. ಅವರು ಒಂದೊಂದೇ ಪದ ಹೆಕ್ಕಿ ಕೊಡುತ್ತಿದ್ದರು. ದಿಂಬು ಎತ್ತರ. ಫ್ಯಾನು ಜೋರು. ಬೆನ್ನು ಉರಿ. ನಾನು ತೆಲುಗಿನಲ್ಲಿ ಹೇಳುತ್ತಿದ್ದೆ, ಹೆಂಡತಿ ಓಡಿಹೋಗಿ ಅದನ್ನು ಸರಿಮಾಡುತ್ತಿದ್ದರು. ಒಂದು ದಿನ, “ಮಗಳು... ಸೊರಗವಳೆ... ಮಲ್ಗಲಿ,” ಎಂದರು. ಮಗಳು ಸೊರಗಿದ್ದಾಳೆ, ಸ್ವಲ್ಪ ಮಲಗಲಿ ಎನ್ನುತ್ತಿದ್ದಾರೆ ಎಂದೆ. ಆ ಹುಡುಗಿ ಡ್ಯೂಟಿಯ ಸೀರೆಯಲ್ಲೇ ಹಾಸಿಗೆಯ ಪಕ್ಕ ಕುಸಿದು ಕೂತು, “ನನಗೆ ಯಾಕೆ ಕಲಿಸಲಿಲ್ಲ ನಾನ್ನಾ? ಈಗ ನಿನ್ನ ಮಾತು ಕೇಳೋಕೆ ನಾನು ಇನ್ನೊಬ್ಬರನ್ನು ಕೇಳಬೇಕಲ್ಲ,” ಎಂದು ಅತ್ತಳು. ನಾನ್ನಾ ಎಂದರೆ ಅವರಲ್ಲಿ ಅಪ್ಪ. ಅವರು ಎಡಗೈಯನ್ನು ಅವಳ ತಲೆಯ ಮೇಲಿಟ್ಟರು.

ಅವಳು ಒಂದು ನೋಟುಬುಕ್ಕಿನಲ್ಲಿ ಕನ್ನಡದ ಪದಗಳನ್ನು ತೆಲುಗು ಅಕ್ಷರದಲ್ಲಿ ಬರೆದಿಡತೊಡಗಿದಳು. ನೀರು ಎರಡರಲ್ಲೂ ನೀರೇ ಎಂದು ಗೊತ್ತಾದ ದಿನ ಅಮ್ಮ ಮಗಳಿಬ್ಬರೂ ನಕ್ಕದ್ದನ್ನು ಕಂಡೆ. ಫೋನಿನಲ್ಲಿ ನಾನು ಆ ಮನೆಯ ನಗು ಕಂಡದ್ದು ಅದೊಂದೇ ಸಲ.

ನಾಲ್ಕನೆಯ ತಿಂಗಳು ರಜೆ ಹಾಕಿ ವಿಜಯವಾಡಕ್ಕೆ ಹೋದೆ. ಫೋನಿನ ಪರದೆಯಲ್ಲಿ ಮುಖವಷ್ಟೇ ಕಾಣುತ್ತಿತ್ತು, ಉಳಿದದ್ದು ಅಲ್ಲಿ ಕಂಡಿತು. ಎದೆಯ ಗೂಡು ಎದ್ದಿತ್ತು. ಎರಡು ಸಲ ಕಫಕಟ್ಟಿ ಜ್ವರ ಬಂದು ಹೋಗಿತ್ತು. ಅವರು ಟ್ಯೂಬನ್ನು ಮೂರು ಸಲ ಕಿತ್ತುಹಾಕಿದ್ದರಂತೆ. ಅದಕ್ಕೆ ಚೆನ್ನಾಗಿದ್ದ ಎಡಗೈಯನ್ನು ಮಂಗಳಗಿರಿಯ ಹಳೆಯ ಸೀರೆಯೊಂದರ ಮೆತ್ತನೆಯ ತುಂಡಿನಿಂದ ಮಂಚದ ಸರಳಿಗೆ ಕಟ್ಟಿದ್ದರು. “ನಾನೇ ಕಟ್ಟಿದ್ದು. ಪಾಪಿ ನಾನು,” ಎಂದರು ಹೆಂಡತಿ. ಆ ಮನೆಯಲ್ಲಿ ಕಾಫಿ ಮಾಡುವುದನ್ನು ನಿಲ್ಲಿಸಿದ್ದರು. ವಾಸನೆ ಮೂಗಿಗೆ ಬಡಿದರೆ ಅವರು ಕೇಳುತ್ತಾರೆ ಎಂದು. ಆಕೆಯಂತೂ ಅವರು ಬಿದ್ದ ದಿನದಿಂದ ಮುಟ್ಟಿರಲಿಲ್ಲ.

ಬೆಳಿಗ್ಗೆ ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಹೆಂಡತಿ ಕಾಲ ಕಡೆ ನಿಂತಿದ್ದರು. ಸಾರ್ ನನ್ನನ್ನೇ ನೋಡಿ ಮಾತು ಶುರುಮಾಡಿದರು. ಒಂದೊಂದು ಪದಕ್ಕೂ ಬೆವರುತ್ತಿದ್ದರು. ನಾನು ಅವಸರ ಮಾಡಲಿಲ್ಲ.

“ಸಾಕು... ಮಗಾ.”

“ಹೇಳಿ ಸಾರ್.”

“ಟ್ಯೂಬು... ಬ್ಯಾಡ. ಬಾಯಿಗೆ... ಕಾಫಿ... ಕೊಡ್ಲಿ.” ತುಂಬ ಹೊತ್ತು ಉಸಿರು ತೆಗೆದುಕೊಂಡರು. “ಹೋದ್ರೆ... ಹೋಗ್ಲಿ. ಕೈ... ಬಿಚ್ಲಿ.” ಕಣ್ಣನ್ನು ಹೆಂಡತಿಯ ಕಡೆ ತಿರುಗಿಸಿ, ಮತ್ತೆ ನನ್ನ ಕಡೆ ತಂದು, “ಅವ್ಳಿಗೆ... ಹೇಳು,” ಎಂದರು.

ಅವರು ಏನು ಕೇಳುತ್ತಿದ್ದಾರೆ ಎಂಬುದು ನನಗೆ ಪೂರ್ತಿ ತಿಳಿಯಿತು. ಅಂಥದ್ದನ್ನು ಆಯ್ದುಕೊಳ್ಳುವವರಿದ್ದಾರೆ. ಅಪಾಯ ಗೊತ್ತಿದ್ದೂ ಬಾಯಿಗೇ ಕೊಟ್ಟು, ಬಂದದ್ದು ಬರಲಿ ಎಂದು ನೆಮ್ಮದಿಯಿಂದ ಕಳುಹಿಸಿಕೊಡುವ ಮನೆಗಳನ್ನು ಆಸ್ಪತ್ರೆಯಲ್ಲಿ ನಾನೇ ಕಂಡಿದ್ದೆ. ಅಂಥ ಮನೆಯವರ ಜೊತೆ ಗಂಟೆಗಟ್ಟಲೆ ಕೂತು, ಹೀಗೂ ಮಾಡಬಹುದು, ತಪ್ಪಲ್ಲ ಎಂದು ಹೇಳುತ್ತಿದ್ದವರು ಇವರೇ. ಅವರಿಗೆ ತಾವು ಕೇಳುತ್ತಿರುವುದು ಏನೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ಏಮಂಟುನ್ನಾರಮ್ಮಾ?” ಏನು ಹೇಳುತ್ತಿದ್ದಾರೆ ಎಂದು ಹೆಂಡತಿ ಎರಡು ಹೆಜ್ಜೆ ಮುಂದೆ ಬಂದರು. “ಕಾಫಿ ಅಂದರಲ್ಲ? ಕಾಫಿ ಅಂತ ನನಗೂ ಕೇಳಿಸಿತು. ಏನಂತೆ?”

ಆಕೆಯ ಮುಖ ನೋಡಿದೆ. ನಾಲ್ಕು ತಿಂಗಳು ಎರಡು ಗಂಟೆಗೊಮ್ಮೆ ಎದ್ದು ಟ್ಯೂಬಿಗೆ ಗಂಜಿ ಬಿಟ್ಟ ಮುಖ. ನಿಮ್ಮ ಗಂಡ ಸಾಯಲು ಬಿಡಿ ಎನ್ನುತ್ತಿದ್ದಾರೆ ಎಂದು ಆ ಮುಖಕ್ಕೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಕರುಣೆಯಿಂದ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಹೆದರಿಕೆ, ಅಷ್ಟೆ.

“ನೀವು ಕಾಫಿ ಕುಡಿದಿರಾ ಅಂತ ಕೇಳುತ್ತಿದ್ದಾರೆ ಆಂಟಿ,” ಎಂದೆ.

ತೆಲುಗಿನಲ್ಲಿ ಹೇಳಿದೆ. ತಪ್ಪಿಲ್ಲದ, ಸ್ವಚ್ಛ ತೆಲುಗು. ಅವರೇ ಕಲಿಸಿದ್ದು. ಪ್ರತಿ ಅಕ್ಷರವೂ ಅವರಿಗೆ ಅರ್ಥವಾಗುತ್ತಿತ್ತು.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. “ಈ ಸ್ಥಿತಿಯಲ್ಲೂ ನನ್ನ ಕಾಫಿಯ ಚಿಂತೆಯಾ?” ಎನ್ನುತ್ತ ಅಡುಗೆಮನೆಗೆ ಓಡಿದರು. ಪಾತ್ರೆಯ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮನೆಯಿಡೀ ಕಾಫಿಯ ಘಮ ತುಂಬಿತು. ಆಕೆ ಲೋಟ ಹಿಡಿದು ಬಂದು, ಮಂಚದ ಅಂಚಿನಲ್ಲಿ ಕೂತು, ಅವರ ಮುಖದ ಮುಂದೆಯೇ ಒಂದೊಂದು ಗುಟುಕು ಕುಡಿದರು. “ನೋಡಿ, ಕುಡಿಯುತ್ತಿದ್ದೇನೆ. ಇನ್ನು ಮೇಲೆ ದಿನಾ ಕುಡಿಯುತ್ತೇನೆ. ಆಯಿತಾ?” ನಗುತ್ತಿದ್ದರು, ಅಳುತ್ತಿದ್ದರು.

ಅವರು ಹೆಂಡತಿಯನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ಇವತ್ತು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರಿಗೆ ಆಶ್ಚರ್ಯವಾಗಿತ್ತು. ಗುರುತು ಸಿಗದ ಯಾರೋ ಹೆಂಗಸು ಪಕ್ಕದಲ್ಲಿ ಬಂದು ಕೂತ ಹಾಗೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು.

ಮತ್ತೆ ಮಾತಾಡಲಿಲ್ಲ. ಸಂಜೆಯವರೆಗೂ ಕೂತು, “ಸಾರ್, ತಪ್ಪಾಯ್ತು ಸಾರ್, ಈಗ ಹೇಳ್ತೀನಿ,” ಎಂದು ಕಿವಿಯ ಹತ್ತಿರ ಎಷ್ಟೋ ಸಲ ಹೇಳಿದೆ. ರೆಪ್ಪೆ ಅಲುಗಲಿಲ್ಲ.

ಹೇಳುತ್ತೇನೆ ಎಂದವಳು ಹೇಳಿದೆನೇ? ಇಲ್ಲ. ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಆಕೆ ಅಷ್ಟರಲ್ಲಿ ಪಕ್ಕದ ಮನೆಯವರಿಗೆ ಗಂಡ ಕೇಳಿದ ಮಾತನ್ನು ಹೇಳುತ್ತಿದ್ದರು. ತಿಂಗಳುಗಳ ಮೇಲೆ ತಲೆ ಬಾಚಿ ಹೂ ಮುಡಿದಿದ್ದರು. ಬಾಯಿ ಮುಚ್ಚಿಕೊಂಡು ರೈಲು ಹತ್ತಿದೆ.

ಆಮೇಲೂ ದಿನವೂ ಆರೂವರೆಗೆ ಫೋನು ಬರುತ್ತಿತ್ತು. ಹೆಂಡತಿ ಪರದೆಯನ್ನು ಅವರ ಮುಖಕ್ಕೆ ಹಿಡಿದು, “ಮಾತಾಡಿ, ನಿಮ್ಮ ಊರಿನ ಹುಡುಗಿ,” ಎನ್ನುತ್ತಿದ್ದರು. ಅವರು ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು. ಕಾಯಿಲೆ ಹೆಚ್ಚಾಗಿ ಉಳಿದ ಮಾತೂ ಹೋಯಿತು ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಅಲ್ಲ ಎನ್ನುವುದು ನನಗೆ ಗೊತ್ತಿತ್ತು. ಮಗಳ ನೋಟುಬುಕ್ಕಿನಲ್ಲಿ ಹೊಸ ಪದ ಸೇರುವುದು ನಿಂತಿತು. ಹದಿನೈದು ದಿನದ ಮೇಲೆ ಫೋನೂ ನಿಂತಿತು.

ನಿಂತದ್ದಕ್ಕೆ ನನಗೆ ಹಗುರವೆನಿಸಿತು. ಇದನ್ನೂ ಇಲ್ಲಿ ಬರೆಯಬೇಕು.

ಕೈ ಕಟ್ಟಿಸಿಕೊಂಡು, ಮೂಗಿನಲ್ಲಿ ಟ್ಯೂಬಿಟ್ಟುಕೊಂಡು ಅವರು ಇನ್ನೂ ಮೂರು ತಿಂಗಳು ಬದುಕಿದ್ದರು. ಕೊನೆಗೆ ಬಂದದ್ದು ಅದೇ, ಬಾಯಿಗೆ ಕೊಟ್ಟರೆ ಬರುತ್ತದೆ ಎಂದು ನಾವೆಲ್ಲ ಹೆದರಿದ್ದ ನ್ಯುಮೋನಿಯ. ಬಾಯಿಗೆ ಏನೂ ಕೊಡದೆಯೂ ಬಂತು.

ಹನ್ನೊಂದನೆಯ ದಿನಕ್ಕೆ ವಿಜಯವಾಡಕ್ಕೆ ಹೋದೆ. ಈ ಸಲ ಹೇಳಿಬಿಡಬೇಕು, ಯಾರು ಏನೆಂದರೂ ಸರಿ ಎಂದು ರೈಲಿನಲ್ಲಿ ಆರು ಗಂಟೆ ಕಾಲ ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿಕೊಂಡೆ. ಮನೆಯ ತುಂಬ ಜನ. ಹೆಂಡತಿ ನನ್ನನ್ನು ಕಂಡದ್ದೇ ತಬ್ಬಿಕೊಂಡರು. ಬಂದವರಿಗೆಲ್ಲ ತೋರಿಸಿ, “ಈ ಹುಡುಗಿಯೇ. ಇವಳಿಲ್ಲದಿದ್ದರೆ ಅವರ ಕೊನೇ ಮಾತು ನನಗೆ ಗೊತ್ತೇ ಆಗುತ್ತಿರಲಿಲ್ಲ,” ಎಂದರು. ಒಬ್ಬ ಮುದುಕಿ ಬಂದು ನನ್ನ ಗಲ್ಲ ಸವರಿದಳು.

ಸ್ವಲ್ಪ ಹೊತ್ತಿನ ಮೇಲೆ ಮಗಳು ನನ್ನನ್ನು ಒಳಗಿನ ಕೋಣೆಗೆ ಕರೆದಳು. ಮೇಜಿನ ಮೇಲೆ ಅವರ ಫೋಟೋ ಇತ್ತು, ಕಟ್ಟು ಹಾಕಿಸಬೇಕಾದದ್ದು. ಕೆಳಗೆ ಹೆಸರು, ತಾರೀಕು ಎಲ್ಲ ತೆಲುಗಿನಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದರು.

“ನಾನ್ನಾ ಕೊನೆಗೆ ಹೇಳಿದ್ದನ್ನ ಅವರ ಭಾಷೆಯಲ್ಲೇ, ಅವರ ಅಕ್ಷರದಲ್ಲೇ ಹಾಕಿಸಬೇಕು ಅಂತ ಅಮ್ಮನ ಆಸೆ ಅಕ್ಕಾ,” ಎಂದಳು. “ಈ ಮನೆಯಲ್ಲಿ ಅವರದ್ದು ಅಂತ ಒಂದು ಸಾಲಾದರೂ ಇರಲಿ. ಮೀರು ರಾಯಂಡಿ.” ನೀವೇ ಬರೆಯಿರಿ ಎಂದು ಬಿಳಿ ಹಾಳೆ ಮತ್ತು ಪೆನ್ನು ಕೊಟ್ಟಳು.

ಹೆಂಡತಿಯೂ ಬಂದು ಪಕ್ಕದಲ್ಲಿ ನಿಂತರು. ರೈಲಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕೈ ಮಾತ್ರ ಬರೆಯಿತು. “ಕಾಫಿ ಕುಡಿದ್ಯಾ?” ದುಂಡಗೆ, ದಪ್ಪಗೆ ಬರೆದೆ, ಅಚ್ಚು ಹಾಕುವವರಿಗೆ ಗೊಂದಲವಾಗದ ಹಾಗೆ.

ಮಗಳು ಹಾಳೆಯನ್ನು ಬೆಳಕಿಗೆ ಹಿಡಿದು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಹೆಂಡತಿ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದರು. “ಇದನ್ನ ಹೇಗೆ ಹೇಳುವುದಮ್ಮಾ? ಅವರು ಹೇಳಿದ ಹಾಗೇ ನನಗೆ ಹೇಳಿಕೊಡು,” ಎಂದರು.

ಹೇಳಿಕೊಟ್ಟೆ. ಆಕೆ “ಕಾಫಿ ಕುಡಿದಾ” ಎಂದರು. ತಿದ್ದಿದೆ. ಮತ್ತೆ ತಪ್ಪಾಯಿತು. ಮತ್ತೆ ತಿದ್ದಿದೆ. ಮೂರನೆಯ ಸಲ ಆಕೆಗೆ ಸರಿಯಾಗಿ ಬಂತು.